ಸತ್ಯಪ್ಪನ ಎದೆ

ಸತ್ಯಪ್ಪನನ್ನು ಮಾಲೆಂದು ತಿಳಿದು ದರ ಕಟ್ಟುವುದಾದರೆ ನನ್ನ ಅಂದಾಜು ಇದು: ಕಾಳು ದಪ್ಪ, ತೇವ ಕಡಿಮೆ, ಹೊಟ್ಟು ಜಾಸ್ತಿ. ವಯಸ್ಸು ಅರವತ್ತರ ಈಚೆಗೋ ಆಚೆಗೋ, ಅವನಿಗೇ ಖಾತ್ರಿಯಿಲ್ಲ. ಹೆಗಲು ಬಾಗಿಲಿನಷ್ಟು ಅಗಲ, ಮೀಸೆ ಅದಕ್ಕೆ ತಕ್ಕ ಹಾಗೆ. ಸಿಟ್ಟು ಬೇಗ ಬರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ, ನಡುವೆ ಸಿಕ್ಕವರ ಗತಿ ದೇವರೇ ಬಲ್ಲ. ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ಗುಣವೆಂದು ಎಣಿಸಬೇಕೋ ಕೊರತೆಯೆಂದೋ, ವ್ಯಾಪಾರದಲ್ಲಿರುವ ನನಗೆ ಇನ್ನೂ ತೀರ್ಮಾನವಾಗಿಲ್ಲ. ಒಟ್ಟಿನಲ್ಲಿ ಎರಡನೇ ದರ್ಜೆಯಲ್ಲಿ ಮೇಲಿನ ಮಾಲು. ಮಾತುಮಾತಿಗೆ ಮೀಸೆಯ ಮೇಲೆ ಕೈ ಹೋಗದಿದ್ದರೆ ಮೊದಲನೇ ದರ್ಜೆಯನ್ನೇ ಕೊಡಬಹುದಿತ್ತು.

ಖಾನಾಪುರದಲ್ಲಿ ನಮ್ಮದೊಂದು ಅಕ್ಕಿ ಗಿರಣಿ, ಬೆಳಗಾವಿಯ ರವಿವಾರ ಪೇಟೆಯಲ್ಲಿ ಒಂದು ಅಂಗಡಿ. ಸತ್ಯಪ್ಪ ಗಿರಣಿಯಲ್ಲಿ ಹಮಾಲರ ಮುಕಾದಮ, ಅಂದರೆ ಅವರ ಮೇಸ್ತ್ರಿ. ನಂದಗಡದವನು. ಅಜ್ಜ ಕುರಿ ಕಾಯುತ್ತಿದ್ದ, ಅಪ್ಪ ಕುರಿ ಮಾರಿ ಹೊಲ ಹಿಡಿದ, ಇವನು ಹೊಲವನ್ನು ತಮ್ಮನಿಗೆ ಬಿಟ್ಟು ಚೀಲ ಹೊರಲು ಬಂದ. ಚೀಲದ ಮೇಲೆ ಚೀಲ ಪೇರಿಸಿ ತಗಡಿನ ಚಾವಣಿ ಮುಟ್ಟಿಸುವುದಕ್ಕೆ ನಮ್ಮಲ್ಲಿ ಥಪ್ಪಿ ಹಚ್ಚುವುದು ಎನ್ನುತ್ತಾರೆ. ಸತ್ಯಪ್ಪ ಹಚ್ಚಿದ ಥಪ್ಪಿ ಬಾಗಿದ್ದನ್ನು ನಾನು ನೋಡಿಲ್ಲ. ಉಳಿದವರು ಮೇಲಿನ ಚೀಲವನ್ನು ಕೈಯಿಂದ ದೂಡುತ್ತಾರೆ, ಇವನು ಎದೆ ಕೊಟ್ಟು ದೂಡುತ್ತಾನೆ. ಅದೇ ಅವನ ವಿದ್ಯೆ.

ಆದ್ದರಿಂದ ಬಲಗಡೆ ತೊಟ್ಟಿನ ಹಿಂದೆ ಗೋಡಂಬಿಯಷ್ಟು ಗಂಟೊಂದು ಕೈಗೆ ಸಿಕ್ಕಾಗ ಸತ್ಯಪ್ಪನಿಗೆ ಕಾರಣ ಹುಡುಕುವ ಕಷ್ಟ ಬೀಳಲಿಲ್ಲ.

"ಚೀಲದ ಏಟು ಅದು," ಎಂದ.

"ನೋಡೂಣು," ಎಂದು ಅವನ ಜೋಡಿ ಕಲ್ಮೇಶ ಕೈ ಹಾಕಿ ಒತ್ತಿದ. "ಬ್ಯಾನಿ ಆಗತೈತೇನ್?"

"ಒಟ್ಟ ಇಲ್ಲ."

"ಬ್ಯಾನಿ ಇಲ್ಲಂದ್ರ ಏನೂ ಇಲ್ಲ ಬಿಡೋ. ಬ್ಯಾನಿ ಇದ್ದದ್ದಕ್ಕ ಅಂಜಬೇಕು."

ಈ ಮಾತು ಎಲ್ಲರಿಗೂ ಸರಿಯೆನಿಸಿತು. ನನಗೂ ಅನಿಸಿತು. ನೋವು ಕೊಡದ ಗಿರಾಕಿ ಒಳ್ಳೆಯ ಗಿರಾಕಿ ಎಂದು ನಂಬಿ ಬಂದ ಜನ ನಾವು.

ಗಂಟು ಮಾತ್ರ ಹೋಗಲಿಲ್ಲ. ಹೆಂಡತಿ ಭೀಮಕ್ಕ ಅರಿಶಿನ ಹಚ್ಚಿದಳು, ಶಾಖ ಕೊಟ್ಟಳು, ಕೊನೆಗೆ ಕಾಟ ತಾಳಲಾರದೆ ಸತ್ಯಪ್ಪ ಖಾನಾಪುರದ ಒಂದು ದವಾಖಾನೆಗೆ ಹೋದ. ಅಲ್ಲಿ ನಡೆದದ್ದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ದೂರಬೇಕಾದದ್ದು ನಮ್ಮ ಭಾಷೆಯನ್ನು.

"ಎದಿ ತೋರಸಬೇಕಾಗೇತ್ರೀ," ಎಂದನಂತೆ.

"ದಮ್ಮು ಹತ್ತತೈತೇನು?" ಎಂದು ಕೇಳಿದನಂತೆ ಕಂಪೌಂಡರ್.

"ಚೀಲಾ ಹೊತ್ತಾಗ ಯಾರಿಗೆ ಹತ್ತೂದಿಲ್ರೀ?"

ಅಷ್ಟು ಸಾಕಾಯಿತು. ಅಡ್ಡ ಮಲಗಿಸಿ, ಎದೆಗೆ ವಾಯರು ಹಚ್ಚಿ, ಇಸಿಜಿ ತೆಗೆದರು. ಡಾಕ್ಟರು ಬಂದು ಗೆರೆ ನೋಡಿ, ಎದೆ ಗಟ್ಟಿಯಾಗಿದೆ, ಇನ್ನೂ ಬಹಳ ಚೀಲ ಹೊರುತ್ತೀ ಎಂದು ಬೆನ್ನು ತಟ್ಟಿ ಕಳಿಸಿದರು. ಗಂಟಿನ ಸುದ್ದಿಯನ್ನು ಸತ್ಯಪ್ಪ ಎತ್ತಲೇ ಇಲ್ಲ. ಅಷ್ಟೊಂದು ವಾಯರು ಹಚ್ಚಿದ ಮೇಲೆ ಎದೆಯಲ್ಲಿದ್ದದ್ದು ಎಲ್ಲ ಕಂಡೇ ಇರುತ್ತದೆ, ತಾನೇನು ಬೇರೆ ಹೇಳುವುದು ಎಂದು ಅವನ ಲೆಕ್ಕ. ಆ ಕಾಗದದ ಪಟ್ಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, ಲಾರಿ ಡ್ರೈವರುಗಳಿಗೆಲ್ಲ ಬಿಚ್ಚಿ ತೋರಿಸಿದ. "ನೋಡ್ರಿ, ಎದಿ ಪಾಸ್ ಆಗೇತಿ!"

ಹೀಗೆ ಒಂದು ಮಳೆಗಾಲ ಕಳೆಯಿತು.

ಭೀಮಕ್ಕ ಗಿರಣಿಗೆ ಬರುವುದೇ ಅಪರೂಪ. ಒಂದು ಮಧ್ಯಾಹ್ನ ನೆಟ್ಟಗೆ ನಾನು ಕೂತಲ್ಲಿಗೆ ಬಂದಳು. ಕೈಚೀಲದಿಂದ ಗಂಡನ ಬನಿಯನ್ ತೆಗೆದು ಮೇಜಿನ ಮೇಲೆ ಹಾಸಿದಳು. ಬಲಗಡೆ, ಎದೆಯ ಜಾಗದಲ್ಲಿ, ಕಂದು ಬಣ್ಣದ ಸಣ್ಣ ಕಲೆ ಇತ್ತು.

ಸತ್ಯಪ್ಪ ಓಡಿ ಬಂದ. "ಏ, ಬನಿಯನ್ ತಂದು ಸಾವ್ಕಾರ್ರ ಮುಂದ ಹಾಸ್ತಾರೇನ? ನಾಚಿಕಿ ಇಲ್ಲೇನ್ ನಿನಗ?"

"ನಾಚಿಕಿ ಇದ್ದದ್ದಕ್ಕ ಇಷ್ಟು ದಿನಾ ಸುಮ್ಮ ತೊಳದೇನಿ. ಸಾವ್ಕಾರ್ರ, ತೊಳದ್ರ ಹೋಗತೈತಿ, ನಾಳಿಗೆ ಮತ್ತ ಅದ ಜಾಗಾದಾಗ ಬರತೈತಿ. ತೊಟ್ಟು ಒಳಗ ಜಗ್ಗೇತಿ. ಇವರಿಗೆ ನೀವ ಹೇಳ್ರಿ."

"ನನ್ನ ಎದಿ ನೋಡಿ ಆಗೇತಿ! ಪಟ್ಟಿ ಐತಿ!"

"ಅವರು ನೋಡಿದ್ದು ಒಳಗ ಡಬ್ ಡಬ್ ಅನ್ನೂ ಎದಿ. ಅದು ಎಡಕ್ಕೈತಿ. ನಾ ಅನ್ನೂದು ಮ್ಯಾಲಿನ ಎದಿ, ಬಲಕ್ಕಿರೂದು. ಒಂದ ಹೆಸರ ಇಟ್ರ ಎರಡೂ ಒಂದ ಆಕ್ಕಾವೇನ್ರೀ?"

ಅಷ್ಟು ದಿನ ಗಿರಣಿಯಲ್ಲಿ ಯಾರಿಗೂ ಹೊಳೆಯದ ಮಾತು ಅದು. ಸತ್ಯಪ್ಪನ ಕೈ ಮೀಸೆಯ ತನಕ ಹೋಗಿ ಅಲ್ಲೇ ನಿಂತಿತು.

ಮರುದಿನ ಖಾನಾಪುರದಲ್ಲೇ ಇರುವ ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿದರು. ನಾನೂ ಹೋಗಿದ್ದೆ. ಪುಣ್ಯಕ್ಕೆಂದು ಹೋದದ್ದಲ್ಲ, ಭತ್ತದ ಸುಗ್ಗಿ ಎದುರಿಗಿತ್ತು, ಮುಕಾದಮ ಯಾವ ಸ್ಥಿತಿಯಲ್ಲಿದ್ದಾನೆ ಎಂದು ನನಗೂ ತಿಳಿಯಬೇಕಿತ್ತು. ಆಕೆ ಎದೆ ಒತ್ತಿ ನೋಡಿದರು, ಕಂಕುಳಲ್ಲಿ ಬೆರಳಿಟ್ಟು ನೋಡಿದರು, ಆಮೇಲೆ ಸುತ್ತು ಬಳಸದೆ ಹೇಳಿದರು. ಇದು ಸ್ತನದ ಕ್ಯಾನ್ಸರ್ ಇರಬಹುದು. ಅಪರೂಪ, ಆದರೆ ಗಂಡಸರಿಗೂ ಬರುತ್ತದೆ. ಬೆಳಗಾವಿಗೆ ಹೋಗಿ ಸೂಜಿ ಹಾಕಿಸಿ ತುಣುಕು ತೆಗೆಸಿ ನೋಡಬೇಕು. ಈಗ ಹೋದರೆ ಉಳಿಯುವ ಮಾತು, ಇನ್ನೊಂದು ಮಳೆಗಾಲ ಕೂತರೆ ಖಾತ್ರಿ ಕೊಡಲಾಗದು.

ಇಷ್ಟೆಲ್ಲದರಲ್ಲಿ ಸತ್ಯಪ್ಪನ ಕಿವಿಗೆ ಬಿದ್ದದ್ದು ಒಂದೇ ಶಬ್ದ.

"ಸಾವ್ಕಾರ್ರ," ಎಂದ ಹೊರಗೆ ಬಂದು, ಮೋರೆ ಕೆಂಪಗೆ ಮಾಡಿಕೊಂಡು. "ಆ ಡಾಕ್ಟರ್ ಬಾಯಿಗೆ ಎದಿ ಅನ್ನಾಕ ಬರೂದಿಲ್ಲೇನು? ಅದೇನೋ ಅಂದ್ರಲ್ಲ, ಅದು ನನಗೆಲ್ಲೈತ್ರೀ? ಅದು ಈಕಿಗೈತಿ."

"ನನಗಿರೂದು ನನಗ ಬಿಡ್ರಿ," ಎಂದಳು ಭೀಮಕ್ಕ. "ನಿಮಗಿರೂದನ್ನ ತೋರಸಾಕ ನಡೀರಿ."

ಅವನು ನಡೆಯಲಿಲ್ಲ. ದಸರೆ ಮುಗಿಯಲಿ ಎಂದ. ದಸರೆ ಮುಗಿಯಿತು. ಹೆಂಗಸರ ಬೇನೆ ಬಂದಿದೆ ಎಂದು ಊರಿಗೆ ತಿಳಿದರೆ ತಾನು ಹಮಾಲರಿಗೆ ಹುಕುಂ ಮಾಡುವುದು ಹೇಗೆ ಎನ್ನುವುದು ಅವನ ಚಿಂತೆ. ಆದರೆ ಸುದ್ದಿಗೆ ಗಿರಣಿಯ ಗೋಡೆ ಯಾವ ಲೆಕ್ಕ. ಕಲ್ಮೇಶನ ಮೊಬೈಲಿಗೆ ಎಲ್ಲಿಂದಲೋ ಒಂದು ಸಂದೇಶ ಬಂತು, ಎದೆಯ ಕಿಸೆಯಲ್ಲಿ ಫೋನ್ ಇಟ್ಟರೆ ಈ ರೋಗ ಬರುತ್ತದೆಂದು. ಸಂಜೆಯೊಳಗೆ ಗಿರಣಿಯಲ್ಲಿದ್ದವರೆಲ್ಲ ಫೋನನ್ನು ಅಂಗಿಯ ಕಿಸೆಯಿಂದ ಪ್ಯಾಂಟಿನ ಕಿಸೆಗೆ ದಾಟಿಸಿದರು. ಅಲ್ಲಿ ಕಾಪಾಡಬೇಕಾದದ್ದು ಏನೂ ಇಲ್ಲವೇನೋ ಎಂಬ ಹಾಗೆ. ಸತ್ಯಪ್ಪನ ಅಂಗಿಗೆ ಕಿಸೆ ಇದ್ದದ್ದು ಎಡಕ್ಕೆ, ಗಂಟು ಇದ್ದದ್ದು ಬಲಕ್ಕೆ, ಕಿಸೆಯಲ್ಲಿ ಇರುತ್ತಿದ್ದದ್ದು ಇಸಿಜಿ ಪಟ್ಟಿ ಮತ್ತು ತಂಬಾಕು. ಇದನ್ನು ಯಾರೂ ಗಮನಕ್ಕೆ ತಂದುಕೊಳ್ಳಲಿಲ್ಲ.

ಅಷ್ಟರಲ್ಲಿ ಕಲ್ಮೇಶ ಇನ್ನೊಂದು ಜಾಣತನ ಮಾಡಿದ. ತಂಬಾಕಿನ ಡಬ್ಬಿಯನ್ನು ಸತ್ಯಪ್ಪನ ಮುಂದೆ ಹಿಡಿಯುವುದನ್ನು ಬಿಟ್ಟ. ಊಟಕ್ಕೆ ಕೂತಾಗ ಒಂದು ಮೊಳ ಸರಿದು ಕೂತ.

"ಯಾಕೋ, ಸರೀತೀಯಲ್ಲ?" ಎಂದು ಕೇಳಿದ ಸತ್ಯಪ್ಪ.

"ಏನಿಲ್ಲ ಮಾವಾ. ಹತ್ತತೈತಂತ ಅಂತಾರ."

"ಬಾಜು ಕುಂತ್ರ ಹತ್ತೂದಿದ್ರ, ಇಷ್ಟು ವರ್ಷಕ್ಕ ನಿನ್ನ ಮೈಗಳ್ಳತನ ನನಗ ಮೊದಲ ಹತ್ತಬೇಕಾಗಿತ್ತು."

ಎಲ್ಲರೂ ನಕ್ಕರು. ಸತ್ಯಪ್ಪ ನಗಲಿಲ್ಲ. ರೊಟ್ಟಿ ಅರ್ಧಕ್ಕೇ ಕಟ್ಟಿಟ್ಟು ಎದ್ದು ನನ್ನ ಹತ್ತಿರ ಬಂದು, "ನಾಳೆ ಬೆಳಗಾವಿಗೆ ಹೋಗೂಣ್ರಿ," ಎಂದ. ಗುಟ್ಟು ಒಡೆದ ಮೇಲೆ ಕಾಯುವುದಕ್ಕೆ ಏನೂ ಉಳಿದಿರಲಿಲ್ಲ.

ನಾನೂ ಜೊತೆಗೆ ಹೋದೆ. ಬೆಳಗಾವಿಯ ಆಸ್ಪತ್ರೆಯಲ್ಲಿ ಈ ಕಾಯಿಲೆಯವರು ಕೂರುವ ಪಡಸಾಲೆಯೇ ಬೇರೆ. ಬೆಂಚುಗಳ ತುಂಬ ಹೆಂಗಸರು. ಗಂಡಸರು ಇದ್ದರು, ಆದರೆ ಎಲ್ಲರೂ ಕೈಚೀಲ ಹಿಡಿದುಕೊಂಡು ಗೋಡೆಗೆ ಒರಗಿದವರು. ಸತ್ಯಪ್ಪನೂ ಭೀಮಕ್ಕನನ್ನು ಬೆಂಚಿನ ಮೇಲೆ ಕೂರಿಸಿ, ತಾನು ಅವಳ ಚೀಲ ಹಿಡಿದುಕೊಂಡು ಗೋಡೆಗೆ ಒರಗಿ ನಿಂತ. ನೋಡಿದವರು ಭೀಮಕ್ಕನನ್ನೇ ರೋಗಿ ಎಂದುಕೊಂಡರು. ಅವನಿಗೆ ಬೇಕಾದದ್ದೂ ಅದೇ.

ಬಾಗಿಲಲ್ಲಿ ಹೆಸರು ಕರೆಯುವ ಹುಡುಗಿ ಚೀಟಿ ನೋಡಿದಳು. ಆ ಬಾಗಿಲಲ್ಲಿ ಅಪ್ಪ ಎಂದು ಮುಗಿಯುವ ಹೆಸರು ಬಂದದ್ದು ಅವಳಿಗೆ ನೆನಪಿರಲಿಲ್ಲವೋ ಏನೋ. ಬರೆದವರ ಕೈತಪ್ಪು ಎಂದು ತಾನೇ ತಿದ್ದಿಕೊಂಡು ಕನ್ನಡದಲ್ಲೂ ಮರಾಠಿಯಲ್ಲೂ ಕೂಗಿದಳು.

"ಸತ್ಯವ್ವಾ! ಸತ್ಯವ್ವ ಯಾರ್ರೀ? ಕೋಣ ಆಹೇ ಸತ್ಯವ್ವ?"

ಯಾರೂ ಏಳಲಿಲ್ಲ. ಭೀಮಕ್ಕ ಗಂಡನ ಕಡೆ ನೋಡಿದಳು. ಸತ್ಯಪ್ಪ ಚಾವಣಿಯ ಫ್ಯಾನು ನೋಡಿದ.

"ಸತ್ಯವ್ವ, ನಂದಗಡ!"

"ನಡೀರಿ ಸತ್ಯವ್ವಾರ," ಎಂದು ಭೀಮಕ್ಕ ಮೆಲ್ಲಗೆ ಹೇಳಿದಳು. ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಅದು ಕೇಳಿಸಿತು. ಹಿಂಡಲಗಾದ ಮಾಯಕ್ಕ ಎಂದು ಆಮೇಲೆ ಪರಿಚಯವಾಯಿತು. ಹಣೆತುಂಬ ವಿಭೂತಿ, ಬಾಯಿತುಂಬ ಮಾತು. ಒಂದು ಕಡೆ ಎದೆ ತೆಗೆಸಿ ಬಹಳ ವರ್ಷಗಳಾಗಿ, ಈಗ ತಪಾಸಣೆಗೆ ಮಾತ್ರ ಬರುವವಳು.

"ಯಪ್ಪಾ, ನೀನೇನ ಸತ್ಯವ್ವ?" ಎಂದಳು. "ಬಾ, ಇಲ್ಲಿ ಕುಂದರ ಬಾ. ಯವ್ವಾ, ಸರೀರೆ ಅತ್ತಾಗ, ನಮ್ಮ ತಂಗಿ ಬಂದಾಳ ನೋಡ್ರಿ, ಮೀಸಿ ಹೊತ್ತು!"

ಪಡಸಾಲೆಯೇ ನಕ್ಕಿತು. ಅಲ್ಲಿ ಅಷ್ಟು ನಗೆ ಎಷ್ಟು ದಿನಕ್ಕೊಮ್ಮೆ ಆಗುತ್ತದೋ. ಸತ್ಯಪ್ಪ ಬಾಗಿಲ ಕಡೆಗಲ್ಲ, ಹೊರಗಿನ ಗೇಟಿನ ಕಡೆಗೆ ಹೊರಟ. ಭೀಮಕ್ಕ ಅಂಗಿಯ ಚುಂಗು ಹಿಡಿದಳು. ಹೇಗೋ ಒಳಗೆ ಹೋದ.

ಒಳಗೆ ಹೋದವನು ಸ್ವಲ್ಪ ಹೊತ್ತಿಗೆ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದ. ಸೂಜಿ ಬೇಡ ಎಂದನಂತೆ. ಯಾಕೆಂದು ಕೇಳಿದೆ.

ಅವನು ಹೇಳಿದ ಕಾರಣ ನಮ್ಮ ದಂಧೆಯದೇ. ಚೀಲ ಬಿಚ್ಚದೆ ಕಾಳಿನ ಮಾದರಿ ನೋಡುವುದಕ್ಕೆ ನಾವು ತುದಿ ಚೂಪಾದ ಕಬ್ಬಿಣದ ಕೊಳವೆ ಚುಚ್ಚುತ್ತೇವೆ. ಕೊಳವೆಯಲ್ಲಿ ಒಂದು ಹಿಡಿ ಕಾಳು ಬರುತ್ತದೆ. ಡಾಕ್ಟರು ತೋರಿಸಿದ ಸೂಜಿ ಅದರ ತಮ್ಮನ ಹಾಗೇ ಇತ್ತಂತೆ.

"ಚೀಲಾ ಚುಚ್ಚಿದ್ರ ತೂತು ಉಳೀತೈತ್ರೀ ಸಾವ್ಕಾರ್ರ. ಎತ್ತಿದಲ್ಲೆಲ್ಲ ಕಾಳ ಉದರ್ತಾವು. ನಿಮ್ಮ ಗೋಡೌನದಾಗ ನಾ ದಿನಾ ಕಸಾ ಹೊಡಸೂದು ಅದನ್ನ. ಇದನ್ನ ಚುಚ್ಚಿದ್ರ ಇದೂ ಮೈತುಂಬ ಉದರೂದಿಲ್ಲೇನು? ಎಲ್ಲಾರೂ ಅಂತಾರ, ಸೂಜಿ ಹಾಕಿದ್ರ ಹಬ್ಬತೈತಂತ. ಸುಳ್ಳ ಅಂತಾರೇನು?"

ಡಾಕ್ಟರು ಅವನಿಗೆ ಹೇಳಿದ್ದರಂತೆ, ಹಾಗೆ ಹಬ್ಬುವುದಿಲ್ಲ, ತುಣುಕು ನೋಡದೆ ಯಾವ ಔಷಧ ಕೊಡಬೇಕೆಂದೇ ತಿಳಿಯುವುದಿಲ್ಲ ಎಂದು. ಇಂಗ್ಲಿಷು ಬೆರೆತ ಆ ಕನ್ನಡ ಅವನ ಚೀಲದ ಮುಂದೆ ನಿಂತಿರಲಿಲ್ಲ. ಗೋಡೌನಿನಲ್ಲಿ ಕಾಳು ಉದುರುವುದು ಖರೇ.

ಉತ್ತರ ಕೊಟ್ಟವಳು ಮಾಯಕ್ಕ. ಬೆಂಚಿನಿಂದ ಎದ್ದು ಬಂದು ಅವನ ಎದುರಿಗೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಯಪ್ಪಾ, ನೀ ಚೀಲೇನು?"

"ಅಂದ್ರ?"

"ಗೋಣಿಚೀಲಕ್ಕ ತೂತು ಬಿದ್ರ ಹಂಗ ಉಳೀತೈತಿ. ನಿನಗ ಮುಳ್ಳು ಚುಚ್ಚಿದ್ರ ಕಾಲಾಗಿನ ತೂತು ಇವತ್ತಿಗೂ ಐತೇನ? ಮುಚ್ಚೇತಿಲ್ಲೋ? ನನಗೂ ಇದ ಸೂಜಿ ಚುಚ್ಚ್ಯಾರ. ಎಲ್ಲೆರೆ ಉದರೇನೇನು ನೋಡು. ಹಿಂಡಲಗಾದಿಂದ ಇಲ್ಲಿಗೆ ಬಂದೇನಿ, ದಾರೀಲೆ ಎಲ್ಲೂ ಬಿದ್ದಿಲ್ಲ."

ಸತ್ಯಪ್ಪ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಮಾಲು ಚೆನ್ನಾಗಿಯೇ ಇತ್ತು.

"ಹೋಗ ತಂಗಿ, ಹೋಗ," ಎಂದಳು ಮಾಯಕ್ಕ. "ಮೀಸಿಗೇನೂ ಆಗೂದಿಲ್ಲ."

ಅವನು ತಿರುಗಿ ಒಳಗೆ ಹೋದ.

ಮೀಸೆಯ ವಿಷಯದಲ್ಲಿ ಮಾತ್ರ ಮಾಯಕ್ಕನ ಮಾತು ಸುಳ್ಳಾಯಿತು. ತುಣುಕಿನಲ್ಲಿ ಕ್ಯಾನ್ಸರೇ ಬಂತು. ದೀಪಾವಳಿಯ ಹೊತ್ತಿಗೆ ಬಲಗಡೆಯದನ್ನು ತೆಗೆದರು, ಕಂಕುಳದ ಕೆಲವು ಗಂಟುಗಳನ್ನೂ ತೆಗೆದರು. ಆಮೇಲೆ ಸಲೈನಿನಲ್ಲಿ ಔಷಧ ಕೊಟ್ಟಾಗ ತಲೆಗೂದಲ ಜೊತೆಗೆ ಮೀಸೆಯೂ ಹೋಯಿತು. ಮೀಸೆಯಿಲ್ಲದ ಸತ್ಯಪ್ಪ ಗಿರಣಿಯ ಬಾಗಿಲಿಗೆ ಬಂದಾಗ ಕಲ್ಮೇಶ "ಯಾರ ಬೇಕಾಗಿತ್ರೀ?" ಎಂದು ಕೇಳಿದ. ಬೈಗುಳ ಕೇಳಿದ ಮೇಲೆ ಗುರುತು ಹಿಡಿದ. ಆ ದಿನ ಡಬ್ಬಿಯನ್ನು ತಾನಾಗಿ ಮುಂದೆ ಹಿಡಿದ. ಡಾಕ್ಟರು ತಂಬಾಕು ಬಿಡಿಸಿದ್ದರಿಂದ ಸತ್ಯಪ್ಪ ಅದನ್ನು ತೆಗೆದುಕೊಂಡು ಚರಂಡಿಗೆ ಸುರಿದ. ಸುಗ್ಗಿಗೆ ಮುಕಾದಮ ಸಿಗುತ್ತಾನೆಂದು ನಾನು ಹಾಕಿದ ಲೆಕ್ಕ ಪೂರ್ತಿ ತಪ್ಪಿತ್ತು. ಆ ವರ್ಷದ ಥಪ್ಪಿಗಳೆಲ್ಲ ಬಾಗಿಯೇ ನಿಂತವು.

ಆಸ್ಪತ್ರೆಯಲ್ಲಿ ಇನ್ನೊಂದು ಮಾತು ಬಂದಿತ್ತು. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರು ಕೇಳಿದಾಗ, ತನ್ನ ಸೋದರತ್ತೆ ಎದೆಯ ಹುಣ್ಣಿನಿಂದ ತೀರಿಕೊಂಡದ್ದನ್ನು ಸತ್ಯಪ್ಪ ಹೇಳಿದ. ಅವನ ಮಗಳು ತ್ರಿವೇಣಿಯನ್ನು ಬೆಳಗಾವಿಯ ಆಟೋ ನಗರದಲ್ಲಿ ಗ್ಯಾರೇಜು ಇಟ್ಟವನಿಗೆ ಕೊಟ್ಟಿದ್ದಾರೆ.

"ಅಪ್ಪನ ಕಡೀದು ಮಗಳಿಗೆ ಬರೂದಿಲ್ಲಲ್ರೀ?" ಎಂದು ಕೇಳಿದಳು ಭೀಮಕ್ಕ. "ತಾಯಿ ಕಡೀದಷ್ಟ ಬರೂದು."

ಹಾಗೇನಿಲ್ಲ, ಅಪ್ಪನ ಕಡೆಯಿಂದಲೂ ಇಳಿದು ಬರಬಹುದು, ಸತ್ಯಪ್ಪನದೊಂದು ರಕ್ತ ಪರೀಕ್ಷೆ ಮಾಡಿಸಿ, ಮಗಳಿಗೂ ತಿಳಿಸಿ ಎಂದರು. ಬಂದೇ ಬರುತ್ತದೆಂದು ಹೆದರಬೇಡಿ ಎಂದೂ ಹೇಳಿದರು. ಮನೆತನದಲ್ಲಿ ಯಾರಿಗೂ ಇಲ್ಲದ ಹೆಂಗಸರಿಗೇ ಹೆಚ್ಚಾಗಿ ಬರುವ ರೋಗ ಇದು, ಆದ್ದರಿಂದ ಇದ್ದವರೂ ಇಲ್ಲದವರೂ ಎಚ್ಚರ ಇರಬೇಕು ಎಂದರು.

ಬೀಗರ ಮನೆಗೆ ಹೇಳುವುದು ಹೇಗೆ ಎಂದು ಭೀಮಕ್ಕ ಅತ್ತಳು. ಬೇರೆ ಏನಾದರೂ ಹೆಸರು ಹೇಳೋಣ, ಗಡ್ಡೆ ಎನ್ನೋಣ, ಹರ್ನಿಯಾ ಎನ್ನೋಣ ಎಂದಳು. ಸತ್ಯಪ್ಪ ಬಸ್ಸು ಹತ್ತಿ ಆಟೋ ನಗರಕ್ಕೆ ಹೋದ. ಬೀಗರ ಪಡಸಾಲೆಯಲ್ಲಿ ಕೂತು, ಮಗಳನ್ನೂ ಅಳಿಯನನ್ನೂ ಬೀಗಿತಿಯನ್ನೂ ಎದುರಿಗೆ ಕೂರಿಸಿ, ತನಗೆ ಸ್ತನದ ಕ್ಯಾನ್ಸರ್ ಆಗಿತ್ತು ಎಂದ. ಎದೆ ಎನ್ನಲಿಲ್ಲ. ಹಾಗೆಂದರೆ ಅವರೂ ಇಸಿಜಿ ತೆಗೆಸಿ ಬಂದಾರು ಎಂದು ಆಮೇಲೆ ನನಗೆ ಹೇಳಿದ. ತ್ರಿವೇಣಿ ಈಗ ವರ್ಷಕ್ಕೊಮ್ಮೆ ತೋರಿಸಿಕೊಳ್ಳುತ್ತಾಳೆ. ಬೀಗಿತಿಯೂ ಜೊತೆಗೆ ಹೋಗುತ್ತಾಳೆ.

ಬಲಗೈಗೆ ಭಾರ ಹಾಕಬಾರದೆಂದು ಹೇಳಿದ್ದಾರೆ, ಕೈ ಬಾವು ಬರುತ್ತದಂತೆ. ಅವನಿಗೆ ಈಗ ಕಾಟಾದ ಮುಂದೆ ಕೂತು ತೂಕ ಹೇಳುವ ಕೆಲಸ. ದಿನಕ್ಕೊಂದು ಗುಳಿಗೆ, ಅದೂ ವರ್ಷಗಟ್ಟಲೆ. ಸೆಕೆಯಾದಾಗ ಅಂಗಿ ಬಿಚ್ಚಿ ಕೂರುತ್ತಾನೆ. ಒಂದು ಕಡೆ ಸಪಾಟು, ನಡುವೆ ಹೊಲಿಗೆಯ ಗೆರೆ. ಹೊಸ ಡ್ರೈವರು ಯಾರಾದರೂ ಕಣ್ಣು ಹಾಯಿಸಿದರೆ ಕೇಳುವ ಮೊದಲೇ ಹೇಳಿಬಿಡುತ್ತಾನೆ. ಮೀಸೆ ಮತ್ತೆ ಬಂದಿದೆ, ಬಿಳಿಯದಾಗಿ.

ಹೋದ ವರ್ಷ ತಪಾಸಣೆಗೆ ಬೆಳಗಾವಿಗೆ ಬಂದವನು ಟಿಳಕವಾಡಿಯ ನಮ್ಮ ಮನೆಗೆ ಬಂದ. ನನ್ನ ಹೆಂಡತಿ ಬಸವಣ್ಣೆವ್ವ ಚಹಾ ಕೊಟ್ಟಳು. ಕೊಟ್ಟು ಒಳಗೆ ಹೋಗಲಿಲ್ಲ, ಕಂಬಕ್ಕೆ ಒರಗಿ ನಿಂತಳು. ನಾನು ಪೇಪರು ಓದುತ್ತಿದ್ದೆ.

"ಸತ್ಯಪ್ಪ, ಒಂದ ಮಾತ ಕೇಳ್ತೀನಿ, ತಪ್ಪ ತಿಳೀಬ್ಯಾಡ. ಮೊದಮೊದಲಿಗೆ ಅದು ಬ್ಯಾನಿ ಆಗತಿತ್ತೇನು?"

"ಒಟ್ಟ ಇಲ್ರೀ ಅವ್ವಾರ. ಬ್ಯಾನಿ ಆಗಿದ್ರ ಅವತ್ತ ಓಡತಿದ್ದೆ. ಆಗಲಿಲ್ಲಂತ ಕುಂತೆ."

"ನಿಮ್ಮ ಸೋದರತ್ತಿಗೆ ಇತ್ತಂತಲ್ಲ. ನಮ್ಮ ತವರಮನ್ಯಾಗ ಯಾರಿಗೂ ಇಲ್ಲಪಾ."

"ಯಾರಿಗೂ ಇಲ್ಲದವರಿಗೇ ಜಾಸ್ತಿ ಅಂತ್ರೀ. ಹಿಂಡಲಗಾದ ಮಾಯಕ್ಕಗ ಹಿಂದ ಮುಂದ ಯಾರಿಗೂ ಇರಲಿಲ್ಲ."

ಬಸವಣ್ಣೆವ್ವ ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡಳು. ಸತ್ಯಪ್ಪ ಬಸಿಯನ್ನು ಕೆಳಗಿಟ್ಟ. ಅವಳ ಮುಖ ನೋಡಿದ. ಸ್ವಂತ ಗಂಡನೂ ಕೇಳದ ಪ್ರಶ್ನೆಯನ್ನು, ಚೀಲದ ತೂಕ ಕೇಳುವ ದನಿಯಲ್ಲೇ ಕೇಳಿದ.

"ಅವ್ವಾರ, ಎಲ್ಲೈತ್ರೀ?"

"ಎಡಕ್ಕ," ಎಂದಳು ಬಸವಣ್ಣೆವ್ವ.

ನಾನು ಪೇಪರು ಮಡಚಿದೆ.

"ಅಂಜಬ್ಯಾಡ್ರಿ," ಎಂದ ಸತ್ಯಪ್ಪ. "ನಾಳೆ ಹೋಗೂಣು. ಭೀಮಕ್ಕಗ ಫೋನ್ ಹಚ್ತೀನಿ, ಆಕಿ ಬರ್ತಾಳ. ಸೂಜಿ ಹಾಕ್ತಾರ. ಏನೂ ಉದರೂದಿಲ್ಲ."

ಮರುದಿನ ಹೋದರು. ಸೂಜಿ ಹಾಕಿದರು. ಕ್ಯಾನ್ಸರ್ ಇತ್ತು, ಸಣ್ಣದಿತ್ತು, ಕಂಕುಳಿಗೆ ಹೋಗಿರಲಿಲ್ಲ. ಎದೆ ಪೂರ್ತಿ ತೆಗೆಯದೆ ಗಂಟಷ್ಟನ್ನೇ ತೆಗೆದು, ಆಮೇಲೆ ಕಿರಣ ಚಿಕಿತ್ಸೆ ಕೊಟ್ಟರು. ತಾನು ಅದನ್ನು ಸಂಕ್ರಾಂತಿಯಿಂದ ಬಲ್ಲೆ, ನೋವಿಲ್ಲವೆಂದು ಸುಮ್ಮನಿದ್ದೆ, ಯಾರಿಗೆ ಹೇಳುವುದೆಂದು ತಿಳಿಯಲಿಲ್ಲ ಎಂದು ಆಮೇಲೆ ಹೇಳಿದಳು. ಸತ್ಯಪ್ಪನಿಗೆ ಹೇಗೆ ಹೇಳಿದೆ ಎಂದು ಕೇಳಿದೆ. ಅವನಿಗೂ ಆಗಿತ್ತಲ್ಲ ಎಂದಳು.

ನನ್ನ ಹೆಂಡತಿ ಬದುಕಿದ್ದಾಳೆ. ಅದಕ್ಕೆ ನಾನು ಸತ್ಯಪ್ಪನಿಗೆ ಋಣಿ.